ಜೀಪಿನ ಮುಂದಿನ ಆಕ್ಸಲ್ ಮತ್ತು ಓದುವ ಮಕ್ಕಳ ಜೇಬು

ಕಾಫಿ ಕೊಯ್ಲು ಮುಗಿದು, ಅಡಿಕೆಯ ಕೆಲಸ ಒಂದು ಹದಕ್ಕೆ ಬಂದು, ಕಾಲೇಜುಗಳಿಗೆ ರಜೆ ಸಿಕ್ಕುವ ಹೊತ್ತಿಗೆ ನಮ್ಮ ಅನೇಕ ಸದಸ್ಯರ ಮನೆಗಳಲ್ಲಿ ಒಂದು ಚರ್ಚೆ ಏಳುವುದು ಈಚೆಗೆ ವಾಡಿಕೆಯಾಗಿದೆ. ಕೊಟ್ಟಿಗೆಯಲ್ಲಿ ನಿಂತಿರುವ ಹಳೆಯ ಜೀಪಿನ ಮುಂದಿನ ಆಕ್ಸಲನ್ನು ತೆಗೆದುಹಾಕಿ, ಗುಜರಿಯಿಂದ ಅದಕ್ಕಿಂತ ದೊಡ್ಡದೊಂದನ್ನು ತಂದು ಕೂರಿಸಬೇಕೆಂಬುದು ಮಗನ ಹಟ. ದೊಡ್ಡ ಟೈರು ಹಾಕಿ ಮಳೆಗಾಲದ ಕೆಸರಿನ ಓಟಗಳಿಗೆ ಹೋಗಬೇಕು, ಕೈಯಲ್ಲಿರುವುದು ಹಾಸ್ಟೆಲ್ ಖರ್ಚಿನಲ್ಲಿ ಉಳಿಸಿದ ದುಡ್ಡು. "ಓದುವ ಹುಡುಗನಿಗೆ ಈ ಉಸಾಬರಿ ಯಾಕೋ? ಗೊಬ್ಬರ ಹೊರುವ ಜೀಪು ಅದು, ಕೈ ಹಚ್ಚಬೇಡ" ಎಂಬುದು ತಂದೆಯ ಉತ್ತರ. ಮಾತು ಅಲ್ಲಿಗೆ ನಿಲ್ಲುತ್ತದೆ. ಜೀಪು ಇದ್ದ ಹಾಗೆಯೇ ಇರುತ್ತದೆ, ಇಲ್ಲವೇ ತಂದೆ ಊರಿನಲ್ಲಿಲ್ಲದ ದಿನ ಅರ್ಧ ಬಿಚ್ಚಿ ಬೀಳುತ್ತದೆ.

ಈ ಚರ್ಚೆಯಲ್ಲಿ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ ಎಂಬುದು ನಮ್ಮ ಅಭಿಪ್ರಾಯ. ಮುಂದಿನ ಆಕ್ಸಲಿಗೆ ಕೈ ಹಚ್ಚಲೇಬೇಕು, ಅದರಲ್ಲಿ ಹುಡುಗನ ಮಾತು ಸರಿ. ಆದರೆ ಆಕ್ಸಲನ್ನೇ ಬದಲಿಸುವುದು ಮೊದಲ ಕೆಲಸವಲ್ಲ, ಕೊನೆಯ ಕೆಲಸ. ಇರುವ ಆಕ್ಸಲನ್ನು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ತರುವುದೇ ಕಡಿಮೆ ಖರ್ಚಿನಲ್ಲಿ ಆಗುವ ನಿಜವಾದ ಸುಧಾರಣೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಜಿಪುಣತನದ ಉಪದೇಶವೆಂದು ತಿಳಿಯಬಾರದು. ಯಂತ್ರಶಾಸ್ತ್ರವೂ ಇಲ್ಲಿ ಅದನ್ನೇ ಹೇಳುತ್ತದೆ. ಹೇಗೆಂಬುದನ್ನು ಮುಂದೆ ವಿವರಿಸಿದ್ದೇವೆ.

ಯಾವ ಜೀಪಿನ ಮಾತು

ನಾವು ಹೇಳಹೊರಟಿರುವುದು ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ ಇರುವ, ಕಮಾನು ಪಟ್ಟಿಗಳ ಮೇಲೆ ನಿಂತ ಹಳೆಯ ಜೀಪುಗಳ ವಿಚಾರ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ವಂಶ ಇದು. ಅದೇ ವಂಶದ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾಯಿತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ಪರವಾನಗಿ ಪಡೆದು ಅದನ್ನು ಆಮೇಲೆಯೂ ಬಹುಕಾಲ ತಯಾರಿಸಿತು. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ, ಕೊಪ್ಪ, ಶಿರಸಿಯ ಕಡೆಯ ತೋಟಗಳಲ್ಲಿ ಇಂದಿಗೂ ದುಡಿಯುವ ಹಳೆಯ ಜೀಪುಗಳಲ್ಲಿ ಹೆಚ್ಚಿನವು ಈ ಕುಟುಂಬದವೇ. 2010ರಲ್ಲಿ ಬಂದ ಥಾರ್ ಮತ್ತು 2020ರ ಹೊಸ ಥಾರ್ ವಾಹನಗಳಲ್ಲಿ ಮುಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸಲಿನ ಮೇಲಿಲ್ಲ, ಪ್ರತ್ಯೇಕವಾಗಿ ಏರಿಳಿಯುತ್ತವೆ. ಆದ್ದರಿಂದ ಅವುಗಳಿಗೆ ಈ ಲೇಖನ ನೇರವಾಗಿ ಅನ್ವಯಿಸದು.

ಹಳೆಯ ಜೀಪಿನ ಮುಂದಿನ ಆಕ್ಸಲಿನ ರಚನೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳೋಣ. ಕ್ರೌನ್ ಮತ್ತು ಪಿನಿಯನ್ ಕುಳಿತ ಗುಂಡು ಭಾಗ ನಡುವಿನಲ್ಲಿರದೆ ಬಲಗಡೆಗೆ ಇದೆ. ಹಾಗಾಗಿ ಎಡಗಡೆಯ ಶಾಫ್ಟು ಉದ್ದ, ಬಲಗಡೆಯದು ಗಿಡ್ಡ. ಎರಡು ತುದಿಗಳಲ್ಲಿಯೂ ತಟ್ಟೆಯಂತೆ ನುಣುಪಾದ ಗೋಳವಿದ್ದು, ಅದರ ಮೇಲೆ ಚಕ್ರ ತಿರುಗುವ ನಕಲ್ ಕುಳಿತಿರುತ್ತದೆ. ನಕಲಿನ ಮೇಲೂ ಕೆಳಗೂ ಕಿಂಗ್ ಪಿನ್ ಬೇರಿಂಗುಗಳು. ಗೋಳದ ಒಳಗೆ, ಚಕ್ರವನ್ನು ತಿರುಗಿಸಿದಾಗಲೂ ಶಕ್ತಿ ಹರಿಯುವಂತೆ ಮಾಡುವ ಕೀಲು. ನೀರು ಕೆಸರು ಒಳಗೆ ಹೋಗದಂತೆ ಗೋಳದ ಸುತ್ತ ಫೆಲ್ಟು ಮತ್ತು ಆಯಿಲ್ ಸೀಲು. ಇಷ್ಟೇ ಇದರ ಕಥೆ. ಕೈಯಲ್ಲಿ ಬಿಚ್ಚಿ ಕೈಯಲ್ಲೇ ಜೋಡಿಸಬಹುದಾದ ಯಂತ್ರ ಇದು. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕುವುದು ಕಷ್ಟ.

ಫ್ಯೂಸು ಮತ್ತು ತಂತಿ

ದೊಡ್ಡ ಆಕ್ಸಲಿನ ಆಸೆ ಹುಟ್ಟುವುದು ಶಾಫ್ಟು ಮುರಿದೀತೆಂಬ ಭಯದಿಂದ. ಆ ಭಯಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಹಳೆಯ ಪೆಟ್ರೋಲ್ ಜೀಪಿನ 2.2 ಲೀಟರಿನ ಹರಿಕೇನ್ ಎಂಜಿನ್ನಿನ ಗರಿಷ್ಠ ತಿರುಚು ಬಲ ಸುಮಾರು 15.8 ಕಿಲೊಗ್ರಾಂ-ಮೀಟರ್. ಒಂದು ಮೀಟರ್ ಉದ್ದದ ಹಾರೆಯ ತುದಿಗೆ 15.8 ಕಿಲೊ ತೂಕ ನೇತುಹಾಕಿದರೆ ಎಷ್ಟು ತಿರುಚುತ್ತದೆಯೋ ಅಷ್ಟು. ಮೂರು ಗೇರಿನ ಪೆಟ್ಟಿಗೆಯಲ್ಲಿ ಒಂದನೆಯ ಗೇರು ಇದನ್ನು 2.798 ಪಟ್ಟು ಮಾಡುತ್ತದೆ. ಫೋರ್ ವೀಲಿನ ಲೋ ಹಾಕಿದರೆ ಇನ್ನೂ 2.46 ಪಟ್ಟು. ಆಕ್ಸಲಿನಲ್ಲಿ 5.38 ಪಟ್ಟು. ಮೂರನ್ನೂ ಗುಣಿಸಿದರೆ ಸುಮಾರು 37. ಸವೆತ ಘರ್ಷಣೆಗಳ ನಷ್ಟವನ್ನು ಬಿಟ್ಟರೆ ಚಕ್ರಗಳಿಗೆ ಒಟ್ಟು 580 ಕಿಲೊಗ್ರಾಂ-ಮೀಟರಿನಷ್ಟು ಬಲ ತಲುಪಬಲ್ಲದು. ನಾಲ್ಕು ಚಕ್ರಗಳಿಗೂ ಸಮವಾಗಿ ಹಂಚಿದರೆ ಒಂದೊಂದಕ್ಕೆ ಸುಮಾರು 145. ಹಿಂದಿನ ಚಕ್ರಗಳು ಕೊಚ್ಚೆಯಲ್ಲಿ ಹಿಡಿತ ತಪ್ಪಿ, ಭಾರವೆಲ್ಲ ಮುಂದಿನ ಆಕ್ಸಲಿನ ಮೇಲೆ ಬಿದ್ದರೆ ಮುಂದಿನ ಒಂದೊಂದು ಶಾಫ್ಟಿಗೆ 290ರವರೆಗೂ ಬರಬಹುದು.

ಇಷ್ಟು ಬಲ ನಿಜಕ್ಕೂ ಶಾಫ್ಟಿಗೆ ಬೀಳುತ್ತದೆಯೇ? ಸಾಮಾನ್ಯವಾಗಿ ಇಲ್ಲ, ಏಕೆಂದರೆ ಅದಕ್ಕೂ ಮೊದಲೇ ಟೈರು ಜಾರುತ್ತದೆ. ಒಂದು ಚಕ್ರದ ಮೇಲೆ 300 ಕಿಲೊ ಭಾರವಿದೆ ಎಂದಿಟ್ಟುಕೊಳ್ಳಿ. ಒಣ ನೆಲದಲ್ಲಿ ಅದರ ಹತ್ತರಲ್ಲಿ ಎಂಟು ಪಾಲು ಹಿಡಿತ ಸಿಕ್ಕಿತೆನ್ನಿ. 28 ಅಂಗುಲ ಎತ್ತರದ ಮೂಲ ಟೈರಿನಲ್ಲಿ ನೆಲದಿಂದ ಆಕ್ಸಲಿಗೆ 14 ಅಂಗುಲ, ಅಂದರೆ ಸುಮಾರು 36 ಸೆಂಟಿಮೀಟರ್. ಲೆಕ್ಕ ಹಾಕಿದರೆ 85 ಕಿಲೊಗ್ರಾಂ-ಮೀಟರಿಗೆ ಟೈರು ಜಾರಿಬಿಡುತ್ತದೆ. ಕೆಸರಿನಲ್ಲಿ ಇನ್ನೂ ಬೇಗ. ಶಾಫ್ಟಿಗೆ ಅದಕ್ಕಿಂತ ಹೆಚ್ಚು ಭಾರ ಬೀಳುವುದೇ ಇಲ್ಲ. ಪಂಪುಸೆಟ್ಟಿನ ಪೆಟ್ಟಿಗೆಯಲ್ಲಿ ಫ್ಯೂಸು ಹೇಗೋ, ಜೀಪಿನಲ್ಲಿ ಟೈರು ಹಾಗೆ.

ಈಗ ಹುಡುಗರು ಮಾಡುವುದನ್ನು ನೋಡಿ. 28 ಅಂಗುಲದ ಟೈರು ತೆಗೆದು 33 ಅಂಗುಲದ್ದು ಹಾಕುತ್ತಾರೆ. ಸನ್ನೆಯ ಉದ್ದ ಶೇಕಡಾ 18ರಷ್ಟು ಹೆಚ್ಚಿತು, ಶಾಫ್ಟಿನ ಮೇಲಿನ ಭಾರವೂ ಅಷ್ಟೇ ಹೆಚ್ಚಿತು. ಇದು ಸಾಲದೆಂದು ಡಿಫರೆನ್ಷಿಯಲಿಗೆ ಲಾಕರ್ ಕೂರಿಸುತ್ತಾರೆ. ಲಾಕರ್ ಇಲ್ಲದ ಡಿಫರೆನ್ಷಿಯಲಿನಲ್ಲಿ ಒಂದು ಚಕ್ರ ಜಾರಿದರೆ ಇನ್ನೊಂದಕ್ಕೂ ಅಷ್ಟೇ ಬಲ ಹೋಗುತ್ತದೆ. ಲಾಕರ್ ಇದ್ದರೆ ಆಕ್ಸಲಿನ ಪೂರ್ತಿ ಬಲ ಹಿಡಿತವಿರುವ ಒಂದೇ ಶಾಫ್ಟಿನ ಮೇಲೆ ಬೀಳಬಹುದು. ಫ್ಯೂಸಿಗೆ ದಪ್ಪ ತಂತಿ ಕಟ್ಟಿ ಮೋಟಾರು ಸುಟ್ಟುಕೊಂಡವರನ್ನು ನಾವೆಲ್ಲ ಬಲ್ಲೆವು. ಅದೇ ಕೆಲಸ ಇದು. ಆಗ ಶಾಫ್ಟು ಮುರಿಯುತ್ತದೆ. ಶಾಫ್ಟು ಗಟ್ಟಿ ಮಾಡಿದರೆ ಕ್ರೌನಿನ ಹಲ್ಲು, ಅದನ್ನೂ ಗಟ್ಟಿ ಮಾಡಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಆಮೇಲೆ ಗೇರು ಪೆಟ್ಟಿಗೆ. ಈ ಸರಪಳಿಗೆ ಕೊನೆಯಿಲ್ಲ, ವಿದ್ಯಾರ್ಥಿಯ ಜೇಬಿಗೆ ಮಾತ್ರ ಕೊನೆಯಿದೆ.

ಗಮನಿಸಬೇಕಾದ ಇನ್ನೊಂದು ಸಂಗತಿ. 5.38ರ ಆಕ್ಸಲಿಗೆ 33 ಅಂಗುಲದ ಟೈರು ಹಾಕಿದರೆ ಎಳೆತದ ಮಟ್ಟಿಗೆ ಅದು 4.56ರ ಆಕ್ಸಲಿನಂತಾಗುತ್ತದೆ. ಚೀಲ ಹೇರಿದ ಜೀಪು ಏರಿನಲ್ಲಿ ಉಸಿರು ಕಟ್ಟುತ್ತದೆ. ಕ್ಲಚ್ಚು ಬೇಗ ಸವೆಯುತ್ತದೆ. ಓಟಕ್ಕಾಗಿ ಮಾಡಿದ ಬದಲಾವಣೆಯನ್ನು ತೋಟ ವರ್ಷವಿಡೀ ಹೊರಬೇಕಾಗುತ್ತದೆ.

ಯಾವುದಕ್ಕೆ ಮೊದಲು ದುಡ್ಡು

ಹಾಗಾದರೆ ಕೈಯಲ್ಲಿರುವ ಸ್ವಲ್ಪ ಹಣವನ್ನು ಎಲ್ಲಿ ಹಾಕಬೇಕು? ನಮಗೆ ಸರಿಯೆಂದು ತೋರುವ ಕ್ರಮ ಹೀಗಿದೆ.

ಮೊದಲನೆಯದಕ್ಕೆ ದುಡ್ಡೇ ಬೇಡ. ಆಕ್ಸಲನ್ನು ಚೆನ್ನಾಗಿ ತೊಳೆದು, ಜೀಪನ್ನು ಎತ್ತಿ, ಗಟ್ಟಿಯಾದ ಕುದುರೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪರೀಕ್ಷಿಸುವುದು. ಬರಿಯ ಜಾಕಿನ ಮೇಲೆ ನಿಂತ ಜೀಪಿನ ಕೆಳಗೆ ಯಾರೂ ತಲೆ ಹಾಕತಕ್ಕದ್ದಲ್ಲ. ಚಕ್ರದ ಮೇಲ್ತುದಿ ಕೆಳತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಾಟ ಕಂಡರೆ ಇನ್ನೊಬ್ಬರು ಬ್ರೇಕು ತುಳಿಯಲಿ. ಬ್ರೇಕು ತುಳಿದಾಗ ಅಲ್ಲಾಟ ನಿಂತರೆ ದೋಷ ಚಕ್ರದ ಬೇರಿಂಗಿನಲ್ಲಿ. ಆಗಲೂ ನಿಲ್ಲದಿದ್ದರೆ ಕಿಂಗ್ ಪಿನ್ನಿನಲ್ಲಿ. ಅನಂತರ ಎಣ್ಣೆಯ ಬಿರಟೆ ಬಿಚ್ಚಿ ನೋಡಿ. ಎಣ್ಣೆ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ಒಳಗೆ ನೀರು ಹೋಗಿದೆ ಎಂದು ತಿಳಿಯಬೇಕು.

ಎರಡನೆಯದು ಸೀಲು ಮತ್ತು ಉಸಿರು ಕೊಳವೆ. ನಮ್ಮ ಕಡೆ ಮುಂದಿನ ಆಕ್ಸಲನ್ನು ಕೊಲ್ಲುವುದು ಬಂಡೆಯಲ್ಲ, ನೀರು. ಓಡಿ ಬಿಸಿಯಾದ ಆಕ್ಸಲು ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಹೊರಗಿನ ಗಾಳಿ ಬರಲು ದಾರಿಯಿಲ್ಲದಿದ್ದರೆ ಸವೆದ ಸೀಲಿನ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆಕ್ಸಲಿನ ಮೇಲಿರುವ ಪುಟ್ಟ ಉಸಿರು ರಂಧ್ರ ಕೆಸರಿನಿಂದ ಕಟ್ಟಿಹೋಗಿರುವುದೇ ಹೆಚ್ಚು. ಅದನ್ನು ಬಿಡಿಸಿ, ಎಣ್ಣೆಗೆ ತಡೆಯುವ ರಬ್ಬರ್ ಕೊಳವೆಯೊಂದನ್ನು ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿದರೆ ಆಯಿತು. ಮುಂದಿನ ಆಕ್ಸಲಿಗೆ ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಉಪಕಾರ ಮಾಡುವ ಕೆಲಸ ಬೇರೆ ಇಲ್ಲ. ಇದರ ಜೊತೆಗೆ ಗೋಳದ ಫೆಲ್ಟು, ಸೀಲುಗಳನ್ನು ಹೊಸದಾಗಿ ಹಾಕಬೇಕು. ಗೋಳದ ಮೈ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಮೊದಲು ಅದನ್ನು ನುಣುಪು ಮಾಡಿಸಬೇಕು. ಇಲ್ಲದಿದ್ದರೆ ಹೊಸ ಸೀಲೂ ಒಂದು ಮಳೆಗಾಲಕ್ಕೇ ಹರಿದುಹೋಗುತ್ತದೆ.

ಮೂರನೆಯದು ಬೇರಿಂಗು. ಕಿಂಗ್ ಪಿನ್ ಬೇರಿಂಗುಗಳ ಬಿಗಿತವನ್ನು ತೆಳು ತಗಡಿನ ಶಿಮ್ಮುಗಳನ್ನು ತೆಗೆದು, ಸೇರಿಸಿ ಹೊಂದಿಸುವುದು ಪದ್ಧತಿ. ಸೀಲನ್ನೂ ಶಾಫ್ಟನ್ನೂ ಬಿಚ್ಚಿಟ್ಟು, ಸ್ಪ್ರಿಂಗ್ ತಕ್ಕಡಿಯಿಂದ ನಕಲನ್ನು ಎಳೆದು, ಎಷ್ಟು ಬಲಕ್ಕೆ ತಿರುಗುತ್ತದೆ ಎಂದು ನೋಡಿ, ಕಂಪನಿಯ ಕೈಪಿಡಿಯಲ್ಲಿ ಕೊಟ್ಟ ಅಂಕಿಗೆ ಸರಿಮಾಡಬೇಕು. ಅಂದಾಜಿನ ಮೇಲೆ ಬಿಗಿ ಮಾಡುವ ಪದ್ಧತಿಯನ್ನು ಬಿಡುವುದು ಒಳ್ಳೆಯದು. ಸಡಿಲವಾದರೆ ರಸ್ತೆಯಲ್ಲಿ ಚಕ್ರಗಳು ತಲೆ ಅಲ್ಲಾಡಿಸುತ್ತವೆ, ಅತಿ ಬಿಗಿಯಾದರೆ ಸ್ಟಿಯರಿಂಗು ತಿರುಗಿಸಿದ ಮೇಲೆ ತಾನಾಗಿ ನೇರವಾಗದು.

ನಾಲ್ಕನೆಯದು ಸ್ಟಿಯರಿಂಗು ಮತ್ತು ಬ್ರೇಕು. ಟೈರಾಡ್ ಎಂಡುಗಳು, ನಡುವಿನ ಬೆಲ್ ಕ್ರ್ಯಾಂಕಿನ ಪಿನ್ನು, ಪಟ್ಟಿಯ ಬುಷ್ಷುಗಳು, ಯು ಬೋಲ್ಟುಗಳು ಇವೆಲ್ಲ ಸರಿಯಿಲ್ಲದೆ ಎಷ್ಟು ದೊಡ್ಡ ಆಕ್ಸಲು ಹಾಕಿದರೂ ವ್ಯರ್ಥ. ಚಕ್ರಗಳ ಮುಂದಿನ ಅಂತರ ಹಿಂದಿನ ಅಂತರಕ್ಕಿಂತ ಕೂದಲೆಳೆಯಷ್ಟು, ಅಂದರೆ ಒಂದರಿಂದ ಎರಡೂವರೆ ಮಿಲಿಮೀಟರಿನಷ್ಟು ಕಡಿಮೆ ಇರಬೇಕೆಂಬುದು ಹಳೆಯ ಜೀಪಿನ ನಿಯಮ. ಟೈರಿನ ನಡುಗೆರೆಗೆ ಸೀಮೆಸುಣ್ಣದ ಗುರುತು ಹಾಕಿ, ಮುಂದೆ ಒಮ್ಮೆ ಅಳೆದು, ಗುರುತು ಹಿಂದಕ್ಕೆ ಬರುವವರೆಗೆ ಜೀಪನ್ನು ತಳ್ಳಿ ಮತ್ತೊಮ್ಮೆ ಅಳೆದರೆ ಮನೆಯಲ್ಲೇ ಇದನ್ನು ಕಂಡುಕೊಳ್ಳಬಹುದು. ಇನ್ನು ಬ್ರೇಕು. ಹಳೆಯ ಜೀಪುಗಳ ಡ್ರಮ್ಮು ಬರಿಯ 9 ಅಂಗುಲದ್ದು. ಘಟ್ಟದ ರಸ್ತೆಗೆ ಅದು ಮೊದಲೇ ಸಾಧಾರಣ. ಅದಕ್ಕೆ 33 ಅಂಗುಲದ ಟೈರನ್ನು ನಿಲ್ಲಿಸುವ ಹೊಣೆ ಹೊರಿಸುವುದು ಅನ್ಯಾಯ. ಬ್ರೇಕಿಗೆ ಹಾಕಬೇಕಾದ ದುಡ್ಡನ್ನು ಆಕ್ಸಲಿಗೆ ಹಾಕಿದವನ ಜೀಪಿನಲ್ಲಿ ನಾವಂತೂ ಕೂರಲಾರೆವು, ಕೆಲಸದವರನ್ನೂ ಕೂರಿಸಲಾರೆವು.

ಐದನೆಯದು ಗೋಳದೊಳಗಿನ ಕೀಲು. ಹಳೆಯ ಜೀಪುಗಳಲ್ಲಿ ಹಲವು ಬಗೆಯ ಕೀಲುಗಳು ಬಂದಿವೆ. ಗೂಡಿಲ್ಲದೆ ಗುಂಡುಗಳು ಮಾತ್ರವಿರುವ ಬೆಂಡಿಕ್ಸ್ ಮಾದರಿ, ಗೂಡಿನಲ್ಲಿ ಆರು ಗುಂಡುಗಳನ್ನು ಹಿಡಿದಿಟ್ಟ ರ್‍ಜೆಪ್ಪಾ ಮಾದರಿ, ಫ್ರಾನ್ಸಿನಿಂದ ಬಂದ ಟ್ರಾಕ್ಟಾ ಮಾದರಿ, ಮತ್ತು ನಾವೆಲ್ಲ ಬಲ್ಲ ಕ್ರಾಸಿನ ಮಾದರಿ. ಗುಂಡಿನ ಕೀಲು ತಿರುವಿನಲ್ಲಿಯೂ ಒಂದೇ ವೇಗದಲ್ಲಿ ಸುತ್ತುತ್ತದೆ. ಕ್ರಾಸಿನ ಕೀಲು ಹಾಗಲ್ಲ. 30 ಡಿಗ್ರಿ ತಿರುಗಿಸಿದಾಗ ಚಕ್ರದ ವೇಗ ಒಂದೇ ಸುತ್ತಿನಲ್ಲಿ 0.87 ಪಟ್ಟಿನಿಂದ 1.15 ಪಟ್ಟಿನವರೆಗೆ ಏರಿಳಿಯುತ್ತದೆ. ಸ್ಟಿಯರಿಂಗು ಕೈಯಲ್ಲಿ ಜಗ್ಗುವುದು ಅದರಿಂದಲೇ. ಆದರೂ ವಿದ್ಯಾರ್ಥಿಗೆ ನಾವು ಹೇಳುವುದು ಕ್ರಾಸಿನ ಶಾಫ್ಟನ್ನೇ. ಸವೆದಾಗ ಬರಿಯ ಕ್ರಾಸನ್ನು ಬದಲಿಸಿದರೆ ಸಾಕು, ಶಾಫ್ಟು ಉಳಿಯುತ್ತದೆ. ಸವೆದ ಬೆಂಡಿಕ್ಸ್ ಕೀಲಿಗೆ ಗತಿಯಿಲ್ಲ. ಬದಲಿಸುವಾಗ ಹಲ್ಲುಗಳ ಸಂಖ್ಯೆ, ಉದ್ದ, ಒಳಗಿನ ಬುಷ್ಷು ಮತ್ತು ಥ್ರಸ್ಟ್ ವಾಷರುಗಳು ಹೊಂದುತ್ತವೆಯೇ ಎಂದು ಅಳೆದೇ ಕೊಳ್ಳಬೇಕು.

ಆರನೆಯದು, ಕೈಯಿಂದ ತಿರುಗಿಸಿ ಬಿಡಿಸುವ ಫ್ರೀ ವೀಲ್ ಹಬ್ಬು. ಅಮೆರಿಕದಲ್ಲಿ ಆರ್ಥರ್ ವಾರ್ನ್ ಎಂಬವರು 1948ರಲ್ಲಿ ಯುದ್ಧಕಾಲದ ಜೀಪುಗಳಿಗೆಂದೇ ಇದನ್ನು ತಯಾರಿಸಲು ತೊಡಗಿದರು. ಟಾರು ರಸ್ತೆಯಲ್ಲಿ ಬಿಡಿಸಿಟ್ಟರೆ ಮುಂದಿನ ಕ್ರೌನು, ಪಿನಿಯನ್ನು, ಶಾಫ್ಟುಗಳು ಸುಮ್ಮನೆ ಸುತ್ತುವುದು ತಪ್ಪುತ್ತದೆ, ಸವೆತ ಉಳಿಯುತ್ತದೆ. ತೋಟದ ಜೀಪಿಗೂ ಇದರಿಂದ ಪ್ರಯೋಜನವುಂಟು.

ಈ ಆರೂ ಕೆಲಸಗಳು ಒಂದೇ ರಜೆಯಲ್ಲಿ ಮುಗಿಯಬೇಕೆಂದಿಲ್ಲ. ಕೈಗೆ ದುಡ್ಡು ಬಂದ ಹಾಗೆ ಒಂದೊಂದಾಗಿ ಮಾಡಬಹುದು, ಮಧ್ಯೆ ಜೀಪು ಓಡುತ್ತಲೇ ಇರುತ್ತದೆ. ಆಕ್ಸಲ್ ಬದಲಿಸುವ ಕೆಲಸಕ್ಕೆ ಈ ಅನುಕೂಲವಿಲ್ಲ. ಅರ್ಧಕ್ಕೆ ದುಡ್ಡು ಮುಗಿದರೆ ಜೀಪು ಅರ್ಧಕ್ಕೇ ನಿಲ್ಲುತ್ತದೆ. ಬೋರ್ಡೊ ದ್ರಾವಣದ ಡ್ರಮ್ಮು ಹೊರಬೇಕಾದ ಆಷಾಢದಲ್ಲಿ ಜೀಪು ಕಲ್ಲಿನ ಮೇಲೆ ಕುಳಿತಿದ್ದರೆ ಕೊಳೆರೋಗ ಕಾಯುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಓಡಿಸುವುದರಲ್ಲಿಯೂ ಹದ ಬೇಕು. ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿಟ್ಟು, ಕಲ್ಲಿಗೆ ಒತ್ತಿ ನಿಂತ ಚಕ್ರಕ್ಕೆ ಒಮ್ಮೆಲೇ ಆಕ್ಸಿಲರೇಟರು ಒತ್ತಿದಾಗ ಕೀಲು ಒಡೆಯುತ್ತದೆ. ಅಲ್ಲಿ ಟೈರು ಜಾರಲಾರದು, ಫ್ಯೂಸು ಕೆಲಸ ಮಾಡದು. ಹಿಂದಕ್ಕೆ ಬಂದು, ಚಕ್ರ ನೇರ ಮಾಡಿ, ಮತ್ತೆ ಹತ್ತುವುದಕ್ಕೆ ಖರ್ಚಿಲ್ಲ. ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸುವುದೂ ತಪ್ಪು. ಮುಂದಿನ ಹಿಂದಿನ ಚಕ್ರಗಳು ತಿರುವಿನಲ್ಲಿ ಕ್ರಮಿಸುವ ದೂರ ಬೇರೆ ಬೇರೆ. ಕೆಸರಿನಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತದೆ, ಟಾರಿನ ಮೇಲೆ ಅದು ಶಾಫ್ಟು ಗೇರುಗಳನ್ನು ತಿರುಚುತ್ತದೆ.

ಬೇರೆ ಆಕ್ಸಲು ತರಲೇಬೇಕೆಂದರೆ

ಇಷ್ಟಾದ ಮೇಲೂ ಆಕ್ಸಲನ್ನೇ ಬದಲಿಸುವ ಸಂದರ್ಭ ಬರಬಹುದು. ಹೌಸಿಂಗು ಬಾಗಿರಬಹುದು, ಬಿರುಕು ಬಿಟ್ಟಿರಬಹುದು. ಆಗ ಗುಜರಿಯಲ್ಲಿ ದುಡ್ಡು ಎಣಿಸುವ ಮೊದಲು ನಾಲ್ಕು ವಿಷಯ ನೋಡಬೇಕು.

ಒಂದು, ಗುಂಡು ಭಾಗ ಬಲಗಡೆಗೇ ಇರಬೇಕು. ಎಡಗಡೆಗಿರುವ ಆಕ್ಸಲಿಗೆ ನಮ್ಮ ಜೀಪಿನ ಪ್ರೊಪೆಲ್ಲರ್ ಶಾಫ್ಟು ಕೂಡದು. ಎರಡು, ಹಲ್ಲಿನ ಲೆಕ್ಕ ಹಿಂದಿನ ಆಕ್ಸಲಿಗೆ ಸಮನಾಗಿರಬೇಕು. ಕ್ರೌನಿಗೆ 43, ಪಿನಿಯನ್ನಿಗೆ 8 ಹಲ್ಲಿದ್ದರೆ ಅದು 5.38ರ ಆಕ್ಸಲು. 39ಕ್ಕೆ 8 ಇದ್ದರೆ 4.88ರದ್ದು. ಹಿಂದೆ 5.38 ಇಟ್ಟುಕೊಂಡು ಮುಂದೆ 4.88 ಹಾಕಿದರೆ ಒಂದು ಆಕ್ಸಲು 100 ಮೀಟರ್ ಓಡುವಷ್ಟರಲ್ಲಿ ಇನ್ನೊಂದು 110 ಮೀಟರ್ ಓಡಬಯಸುತ್ತದೆ. ಫೋರ್ ವೀಲ್ ಹಾಕಿದ ದಿನವೇ ಯಾವುದಾದರೊಂದು ಮುರಿಯಬೇಕಾದೀತು. ಮೂರು, ಪಟ್ಟಿಗಳು ಕೂರುವ ಜಾಗದ ಅಂತರ, ಎರಡು ಚಕ್ರಗಳ ನಡುವಿನ ಅಗಲ, ಚಕ್ರದ ಬೋಲ್ಟುಗಳ ವೃತ್ತ ಇವು ಹೊಂದಬೇಕು. ಹಳೆಯ ಜೀಪಿನದು ಐದು ಬೋಲ್ಟಿನ, ಐದೂವರೆ ಅಂಗುಲದ ವೃತ್ತ. ನಾಲ್ಕು, ಕಿಂಗ್ ಪಿನ್ನಿನ ಹಿಂಬಾಗು. ಮೇಲ್ತುದಿ ಸುಮಾರು 3 ಡಿಗ್ರಿ ಹಿಂದಕ್ಕೆ ವಾಲಿರುವುದರಿಂದಲೇ ಸ್ಟಿಯರಿಂಗು ತಾನಾಗಿ ನೇರಕ್ಕೆ ಬರುತ್ತದೆ. ಪಟ್ಟಿ ಎತ್ತರಿಸಿದವರು, ಆಕ್ಸಲ್ ಬದಲಿಸಿದವರು ಮರೆಯುವುದು ಇದನ್ನೇ.

ಹೌಸಿಂಗಿಗೆ ಪಟ್ಟಿಯ ಗದ್ದುಗೆಯನ್ನು ವೆಲ್ಡಿಂಗು ಮಾಡಿಸುವುದು ಬೀದಿಬದಿಯ ಕೆಲಸವಲ್ಲ. ಬಿಸಿಗೆ ಕೊಳವೆ ಬಾಗುತ್ತದೆ, ಶಾಫ್ಟು ಬೇರಿಂಗುಗಳು ವಕ್ರವಾಗಿ ತಿರುಗುತ್ತವೆ. ಸ್ಟಿಯರಿಂಗಿನ ನಕಲಿಗಾಗಲಿ, ಅದರ ತೋಳಿಗಾಗಲಿ ವೆಲ್ಡಿಂಗು ಮುಟ್ಟಿಸಲೇಬಾರದು. ಆ ಬೆಸುಗೆ ಬಿಡುವುದು ಕೊಟ್ಟಿಗೆಯಲ್ಲಿ ಅಲ್ಲ, ಘಟ್ಟದ ತಿರುವಿನಲ್ಲಿ.

ಕಾನೂನಿನ ಮಾತು

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ಮಾರ್ಪಾಡುಗಳಿಗೆ ಕಡಿವಾಣ ಹಾಕಿದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಇಲ್ಲಿ ಮಾಲೀಕನೆಂದರೆ ಪುಸ್ತಕದಲ್ಲಿ ಹೆಸರಿರುವ ತಂದೆ, ಸ್ಪ್ಯಾನರು ಹಿಡಿದ ಮಗನಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷಗಳ ಬಳಿಕ ಐದೈದು ವರ್ಷಕ್ಕೆ ನವೀಕರಣವಾಗಬೇಕು, ಆಗ ತಪಾಸಣೆಯೂ ಇದೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಇಂಥ ಪ್ರಶ್ನೆಗಳನ್ನೇ. ಸವೆದ ಸೀಲು, ಬೇರಿಂಗು, ಶಾಫ್ಟುಗಳ ಜಾಗಕ್ಕೆ ಅದೇ ಬಗೆಯ ಹೊಸದನ್ನು ಹಾಕುವುದು ದುರಸ್ತಿ. ಅದಕ್ಕೆ ಈ ಯಾವ ತೊಡಕೂ ಇಲ್ಲ. ನಾವು ಹೇಳಿದ ಕ್ರಮಕ್ಕೆ ಇದೂ ಒಂದು ಬಲ.

ಹಿರಿಯರಲ್ಲಿ ಒಂದು ವಿನಂತಿ

ಮಕ್ಕಳಿಗೆ ಇಷ್ಟು ಹೇಳಿದ ಮೇಲೆ ಹಿರಿಯ ಸದಸ್ಯರಿಗೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. "ಕೈ ಹಚ್ಚಬೇಡ" ಎಂಬುದು ಉತ್ತರವಲ್ಲ. ಹಳೆಯ ಜೀಪಿನ ಕಿಂಗ್ ಪಿನ್ನಿಗೆ ಶಿಮ್ಮು ಹಾಕಬಲ್ಲ ಮೇಸ್ತ್ರಿಗಳು ನಮ್ಮ ಪೇಟೆಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಕೈಚಳಕ ಅವರೊಂದಿಗೇ ಹೋಗುತ್ತಿದೆ. ಇತ್ತ ಮಕ್ಕಳು ಓದಿ ಊರು ಬಿಡುತ್ತಿದ್ದಾರೆಂಬ ಕೊರಗು ನಮ್ಮ ಪ್ರತಿ ಸಭೆಯಲ್ಲಿಯೂ ಕೇಳಿಬರುತ್ತದೆ. ರಜೆಯಲ್ಲಿ ಮನೆಗೆ ಬಂದ ಮಗನೋ ಮಗಳೋ ತೋಟದ ವಸ್ತುವೊಂದರಲ್ಲಿ ಆಸಕ್ತಿ ತೋರಿಸಿ ಕೇಳಿದಾಗ ಬಾಗಿಲು ಮುಚ್ಚುವುದು ಎಷ್ಟು ಸರಿ? ಜೀಪಿನಿಂದ ಶುರುವಾದ ಆಸಕ್ತಿ ಪಂಪುಸೆಟ್ಟಿಗೆ, ಪಲ್ಪರಿಗೆ, ಸುಲಿಯುವ ಯಂತ್ರಕ್ಕೆ ಹರಿಯಬಾರದೆಂದೇನೂ ಇಲ್ಲ.

ಆದ್ದರಿಂದ ಒಂದು ಒಪ್ಪಂದಕ್ಕೆ ಬನ್ನಿ. ಆಕ್ಸಲನ್ನು ಬಿಚ್ಚಲಿ, ಆದರೆ ಏಪ್ರಿಲ್ ಮೇ ತಿಂಗಳಲ್ಲಿ, ಮಳೆಗೆ ಮುನ್ನ ಜೋಡಿಸಿ ಮುಗಿಸುವ ಷರತ್ತಿನ ಮೇಲೆ. ಪಕ್ಕದಲ್ಲಿ ತಿಳಿದ ಮೇಸ್ತ್ರಿಯೊಬ್ಬರು ಇರಲಿ, ಅವರ ಕೂಲಿಯನ್ನು ತಂದೆ ಕೊಡಲಿ. ಅವರು ಸರಿಯೆಂದು ಒಪ್ಪಿ, ತೋಟದೊಳಗೆ ಓಡಿಸಿ ನೋಡುವವರೆಗೆ ಜೀಪು ಗೇಟು ದಾಟಬಾರದು. ಸೀಲು ಬೇರಿಂಗಿನ ಖರ್ಚು ತೋಟದ ಲೆಕ್ಕಕ್ಕೆ, ಹಬ್ಬಿನ ಖರ್ಚು ಹುಡುಗನ ಲೆಕ್ಕಕ್ಕೆ. ಹೇಗಿದ್ದರೂ ಇವತ್ತಲ್ಲ ನಾಳೆ ಗ್ಯಾರೇಜಿಗೆ ಕೊಡಬೇಕಾದ ದುಡ್ಡೇ ಅದು.

ಸಂಘ ಮಾಡಬಹುದಾದದ್ದು

ಕೊನೆಯದಾಗಿ, ಇದು ಒಂದೊಂದು ಮನೆಯ ವಿಚಾರವಾಗಿಯೇ ಉಳಿಯಬೇಕಿಲ್ಲ. ಬೇರಿಂಗು ಕೀಳುವ ಪುಲ್ಲರು, ಒತ್ತುವ ಪ್ರೆಸ್ಸು, ಸ್ಪ್ರಿಂಗ್ ತಕ್ಕಡಿ, ಬಿಗಿತ ತೋರಿಸುವ ಟಾರ್ಕ್ ರೆಂಚು, ಡಯಲ್ ಗೇಜು, ನಾಲ್ಕು ಒಳ್ಳೆಯ ಸ್ಟ್ಯಾಂಡುಗಳು ಇವನ್ನು ಒಬ್ಬ ಸಣ್ಣ ಬೆಳೆಗಾರ ವರ್ಷಕ್ಕೊಮ್ಮೆಯ ಕೆಲಸಕ್ಕೆ ಕೊಳ್ಳಲಾರ, ವಿದ್ಯಾರ್ಥಿಯಂತೂ ಕೊಳ್ಳಲಾರ. ಸುತ್ತಿಗೆಯ ಏಟಿನಿಂದ ಹೊಸ ಬೇರಿಂಗನ್ನು ಕೂರಿಸಿ ಹಾಳುಮಾಡುವುದು ಈ ಕೊರತೆಯಿಂದಲೇ. ಗೊಬ್ಬರ, ಮೈಲುತುತ್ತು, ಗೋಣಿಗಳನ್ನು ಒಟ್ಟಾಗಿ ಕೊಂಡು ಹಂಚುವ ಸಂಘಕ್ಕೆ ಒಂದು ಪೆಟ್ಟಿಗೆ ಉಪಕರಣ ಕೊಂಡಿಟ್ಟು, ಠೇವಣಿ ಪಡೆದು ಸದಸ್ಯರಿಗೆ ಎರವಲು ಕೊಡುವುದು ಭಾರವಾಗದು. ಹೆಚ್ಚು ಬೇಕಾಗುವ ಸೀಲು, ಬೇರಿಂಗು, ಕ್ರಾಸುಗಳನ್ನು ನಂಬರು ನೋಡಿ ಸಗಟಾಗಿ ತರಿಸಿದರೆ ನಕಲಿ ಮಾಲಿನ ಕಾಟವೂ ತಗ್ಗೀತು. ಮಳೆಗೆ ಮುಂಚೆ ಒಂದು ದಿನ ಗೋದಾಮಿನ ಅಂಗಳದಲ್ಲಿ ಹಿರಿಯ ಮೇಸ್ತ್ರಿಗಳನ್ನು ಗೌರವದಿಂದ ಕರೆಸಿ, ಒಂದು ಆಕ್ಸಲನ್ನು ಬಿಚ್ಚಿ ಜೋಡಿಸಿ ತೋರಿಸುವ ಏರ್ಪಾಡು ಮಾಡಿದರೆ ಇನ್ನೂ ಒಳ್ಳೆಯದು.

ಸಹಕಾರವೆಂದರೆ ಬೆಳೆ ಮಾರುವುದಷ್ಟೇ ಅಲ್ಲ, ಒಬ್ಬರ ತಿಳಿವಳಿಕೆ ಹತ್ತು ಮನೆಗೆ ತಲುಪುವುದೂ ಹೌದು. ಬರುವ ಸರ್ವಸದಸ್ಯರ ಸಭೆಯಲ್ಲಿ ಉಪಕರಣಗಳ ಪೆಟ್ಟಿಗೆಯ ವಿಷಯವನ್ನು ಚರ್ಚೆಗೆ ತರಬೇಕೆಂದು ನಮ್ಮ ಸಲಹೆ. ಸದಸ್ಯ ಬಾಂಧವರು, ವಿಶೇಷವಾಗಿ ಓದುತ್ತಿರುವ ಅವರ ಮಕ್ಕಳು, ತಮ್ಮ ಅಭಿಪ್ರಾಯಗಳನ್ನು ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಅಲ್ಲಿಯವರೆಗೆ, ಕೊಟ್ಟಿಗೆಯಲ್ಲಿರುವ ಜೀಪಿನ ಉಸಿರು ರಂಧ್ರ ಕಟ್ಟಿದೆಯೋ ಇಲ್ಲವೋ ಎಂಬುದನ್ನಾದರೂ ಈ ಭಾನುವಾರ ನೋಡಿಡಿ.